ದಾರಿಯ ಖರ್ಚು ಯಾರ ಲೆಕ್ಕಕ್ಕೆ?

ಲೆಸ್ಟರ್
16 ನವೆಂಬರ್ 2025

ಪ್ರೀತಿಯ ಪುಟ್ಟೀ,

ಗುರುವಾರ ರಾತ್ರಿ ನೀನು ಪೇ ಸ್ಲಿಪ್ಪನ್ನು ಫೋನಿನ ಕ್ಯಾಮೆರಾ ಮುಂದೆ ಹಿಡಿದು, ‘ದೊಡ್ಡಮ್ಮ, ದಿನಾ ಟೆಲ್ಫರ್ಡ್‌ಗೆ ಹೋಗಿ ಬರೋ ಪೆಟ್ರೋಲ್ ದುಡ್ಡು ಕ್ಲೈಮ್ ಮಾಡಬಹುದಂತೆ, ಹೌದಾ?’ ಎಂದು ಕೇಳಿದೆ. ಸ್ಟಾಫ್ ರೂಮಿನಲ್ಲಿ ಯಾರೋ ‘ಅಂಬ್ರೆಲಾ ಕಂಪನಿಯಲ್ಲಿದ್ದರೆ ಎಲ್ಲಾ ವಾಪಸ್ ಬರುತ್ತೆ’ ಎಂದರಂತೆ. ನಾನು ಆಗ ಸರಿಯಾಗಿ ಉತ್ತರ ಕೊಡಲಿಲ್ಲ. ‘ನೋಡಿ ಹೇಳ್ತೀನಿ’ ಎಂದು ಮಾತು ಬೇರೆ ಕಡೆ ತಿರುಗಿಸಿದೆ. ನೀನು ಬೇಜಾರು ಮಾಡಿಕೊಂಡೆಯೇನೋ. ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಮಗಳೇ ಇದು. ಜೊತೆಗೆ ಆ ಪ್ರಶ್ನೆ ಕೇಳಿದ ತಕ್ಷಣ ನನಗೆ ನೆನಪಾದದ್ದೂ ಒಂದಿತ್ತು. ಅದಕ್ಕೇ ಇವತ್ತು ಭಾನುವಾರ, ದೊಡ್ಡಪ್ಪ ಮಧ್ಯಾಹ್ನದ ನಿದ್ದೆಗೆ ಹೋದ ಮೇಲೆ, ಕೂತು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ಆಗುವ ಖರ್ಚು ನಿನಗೆ ತೆರಿಗೆ ಇಲಾಖೆಯಿಂದ ಬರುವುದಿಲ್ಲ. ಒಂದು ಪೆನ್ನಿಯೂ ಇಲ್ಲ. ಅದನ್ನು ಕೇಳಬೇಕಾದ ಜಾಗ ಬೇರೆ, ಕೇಳಬೇಕಾದ ಹೊತ್ತೂ ಬೇರೆ. ಅದನ್ನು ಹೇಳಲಿಕ್ಕೇ ಈ ಕಾಗದ.

ನಾನು ಏನು ಕೆಲಸ ಮಾಡುತ್ತಿದ್ದೆ ಎಂಬುದು ನಿನಗೆ ಅರೆಬರೆ ಗೊತ್ತು. ‘ದೊಡ್ಡಮ್ಮ ಇಂಗ್ಲೆಂಡಿನಲ್ಲಿ ಆಫೀಸ್ ಕೆಲಸದಲ್ಲಿದ್ದಾರೆ’ ಎಂದಷ್ಟೇ ನಿಮ್ಮಮ್ಮ ಊರಲ್ಲಿ ಹೇಳುತ್ತಿದ್ದಳು. ಆ ಆಫೀಸು ಒಂದು ಅಂಬ್ರೆಲಾ ಕಂಪನಿ. ಪೇರೋಲ್ ವಿಭಾಗದಲ್ಲಿ ಹದಿನೇಳು ವರ್ಷ ಇದ್ದೆ. ನರ್ಸುಗಳು, ಎಲೆಕ್ಟ್ರಿಷಿಯನ್ನರು, ಏಜೆನ್ಸಿ ಕಳಿಸಿದ ಶಾಲೆಗೆ ಹೋಗಿ ಪಾಠ ಮಾಡುವ ನಿನ್ನಂಥ ಸಪ್ಲೈ ಟೀಚರುಗಳು, ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ಹುಡುಗರು ಎಲ್ಲರ ವಾರದ ಲೆಕ್ಕವೂ ನನ್ನ ಕೈ ದಾಟಿ ಹೋಗುತ್ತಿತ್ತು. ಕೆಲಸ ಕೊಡಿಸುವುದು ಏಜೆನ್ಸಿ, ಮಾಡಿಸಿಕೊಳ್ಳುವುದು ಶಾಲೆಯೋ ಆಸ್ಪತ್ರೆಯೋ, ಆದರೆ ಕಾಗದದ ಮೇಲೆ ಯಜಮಾನ ನಮ್ಮ ಕಂಪನಿ. ಒಂದೇ ಛತ್ರಿಯ ಕೆಳಗೆ ಸಾವಿರ ಜನ ನಿಂತ ಹಾಗೆ. ಅದಕ್ಕೇ ಆ ಹೆಸರು.

ಅಲ್ಲಿ ನಾವು ತುಂಬುತ್ತಿದ್ದ ಫಾರಂನಲ್ಲಿ ಒಂದು ಕಾಲಂ ಇತ್ತು: ಪ್ರಯಾಣ ಮತ್ತು ಊಟ. ಆಗಿನ ಕಾನೂನಿನಲ್ಲಿ ಅದಕ್ಕೆ ಜಾಗ ಇತ್ತು. ಕೆಲಸಗಾರ ಒಬ್ಬನೇ, ಯಜಮಾನ ಒಬ್ಬನೇ, ಹೋಗುವ ಜಾಗಗಳು ಮಾತ್ರ ಬೇರೆ ಬೇರೆ. ಹಾಗಾಗಿ ಪ್ರತಿ ಜಾಗವೂ ‘ತಾತ್ಕಾಲಿಕ ಕೆಲಸದ ಸ್ಥಳ’ ಎಂದು ಹಿಡಿದು, ಅಲ್ಲಿಗೆ ಹೋಗುವ ಖರ್ಚನ್ನು ಸಂಬಳದಿಂದ ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ ಹಾಕುತ್ತಿದ್ದೆವು. ನಿಜವಾಗಿ ಖರ್ಚು ಮಾಡಿದವರಿಗೆ ಅದು ನ್ಯಾಯವೇ. ಆದರೆ ನಮ್ಮ ಆಫೀಸಿನಲ್ಲಿ ನಡೆದದ್ದು ಬರೀ ಅಷ್ಟೇ ಅಲ್ಲ. ಹೊಸಬರು ಸೇರಿದ ಕೂಡಲೇ ಊಟಕ್ಕೆ ದಿನಕ್ಕೆ ಇಷ್ಟು ಪೌಂಡ್ ಎಂದು ತಾನಾಗಿ ಬೀಳುವ ಹಾಗೆ ಮಾಡಿಟ್ಟಿದ್ದರು. ಬಿಲ್ ಕೇಳುತ್ತಿರಲಿಲ್ಲ. ‘ಬಿಲ್ ಇಲ್ಲದಿದ್ದರೂ ಹಾಕಿ, ಎಲ್ಲರೂ ಹಾಕುತ್ತಾರೆ’ ಎಂದು ಮೇಲಿನವರ ಮಾತು. ಕೈಗೆ ಬರುವ ಸಂಬಳ ಜಾಸ್ತಿ ಕಾಣಬೇಕು, ಜನ ನಮ್ಮ ಕಂಪನಿಗೇ ಬರಬೇಕು, ಅಷ್ಟೇ ಲೆಕ್ಕಾಚಾರ.

ಒಬ್ಬ ಎಲೆಕ್ಟ್ರಿಷಿಯನ್ ಇದ್ದ. ವಯಸ್ಸು ಐವತ್ತರ ಮೇಲೆ, ಮಾತು ಕಡಿಮೆ. ಶುಕ್ರವಾರ ಟೈಮ್‌ಶೀಟನ್ನು ಖುದ್ದಾಗಿ ತಂದು ಕೊಡುತ್ತಿದ್ದ. ಹೆಗಲಿನ ಬ್ಯಾಗಿನಲ್ಲಿ ಸ್ಟೀಲಿನ ಊಟದ ಡಬ್ಬಿ, ಪಕ್ಕದಲ್ಲಿ ಟೀ ತುಂಬಿದ ಫ್ಲಾಸ್ಕ್. ಹೆಂಡತಿ ಕಟ್ಟಿಕೊಟ್ಟ ಊಟ ಬಿಟ್ಟು ಹೊರಗೆ ಒಂದು ಸ್ಯಾಂಡ್‌ವಿಚ್ ಕೂಡ ಕೊಂಡವನಲ್ಲ. ಅವನ ಹೆಸರಿನ ಮುಂದೆ ವಾರ ವಾರವೂ ಊಟದ ಖರ್ಚು ತುಂಬಿದವಳು ನಾನು. ಡಬ್ಬಿ ನನ್ನ ಕಣ್ಣೆದುರಿಗೇ ಇತ್ತು, ಆದರೂ ತುಂಬಿದೆ. ಮೂರು ವರ್ಷದ ಮೇಲೆ ತೆರಿಗೆ ಇಲಾಖೆಯಿಂದ ಅವನಿಗೆ ಕಾಗದ ಬಂತು. ಆ ಕಾಗದ ಹಿಡಿದು ನನ್ನ ಮೇಜಿನ ಮುಂದೆ ನಿಂತು, ‘ಇದನ್ನು ನಾನು ಕೇಳಿರಲಿಲ್ಲವಲ್ಲ’ ಎಂದ. ಹೌದು, ಕೇಳಿರಲಿಲ್ಲ. ಆದರೆ ಬಡ್ಡಿ ಸಮೇತ ಕಟ್ಟಿದವನು ಅವನೇ. ಕಂಪನಿ ಕಟ್ಟಲಿಲ್ಲ, ನಾನೂ ಕಟ್ಟಲಿಲ್ಲ. ಗುರುವಾರ ನೀನು ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಡಬ್ಬಿ.

2016ರ ಏಪ್ರಿಲ್ 6ರಂದು ಆ ಬಾಗಿಲು ಮುಚ್ಚಿತು. ಆ ದಿನದಿಂದ ಅಂಬ್ರೆಲಾದಂಥ ಮಧ್ಯವರ್ತಿಯ ಮೂಲಕ ದುಡಿಯುವವರಿಗೆ, ಕೆಲಸ ಮಾಡುವ ರೀತಿಯ ಮೇಲೆ ಯಾರದಾದರೂ ಮೇಲ್ವಿಚಾರಣೆ, ನಿರ್ದೇಶನ ಅಥವಾ ನಿಯಂತ್ರಣ ಇದ್ದರೆ, ಪ್ರತಿ ಅಸೈನ್‌ಮೆಂಟೂ ಬೇರೆಯೇ ಒಂದು ನೌಕರಿ ಎಂದು ಲೆಕ್ಕ. ನೌಕರಿ ಬೇರೆಯಾದರೆ ಆ ಶಾಲೆಯೇ ನಿನ್ನ ಖಾಯಂ ಕೆಲಸದ ಜಾಗ. ಖಾಯಂ ಜಾಗಕ್ಕೆ ಮನೆಯಿಂದ ಹೋಗುವುದು ಎಲ್ಲರೂ ದಿನಾ ಆಫೀಸಿಗೆ ಹೋದ ಹಾಗೆ. ಅದಕ್ಕೆ ಯಾರಿಗೂ ರಿಯಾಯಿತಿ ಇಲ್ಲ. ಊಟದ ಖರ್ಚೂ ಅದರ ಜೊತೆಗೇ ಹೋಯಿತು.

‘ನನ್ನನ್ನು ಯಾರು ನಿಯಂತ್ರಿಸ್ತಾರೆ? ತರಗತಿಯಲ್ಲಿ ನಾನೊಬ್ಬಳೇ ಅಲ್ವಾ?’ ಎಂದು ನೀನು ಕೇಳಬಹುದು. ಯೋಚನೆ ಮಾಡು. ಯಾವ ಪಾಠ ಎಂಬುದನ್ನು ವಿಭಾಗದ ಮುಖ್ಯಸ್ಥರು ಕೊಡುತ್ತಾರೆ. ಯಾವ ಮಗು ಎಲ್ಲಿ ಕೂರಬೇಕು ಎಂಬ ಪಟ್ಟಿ ಮೇಜಿನ ಮೇಲಿರುತ್ತದೆ. ಗಲಾಟೆ ಮಾಡಿದರೆ ಮೊದಲು ಏನು ಹೇಳಬೇಕು, ಎರಡನೇ ಸಲ ಏನು ಮಾಡಬೇಕು ಎಂಬುದಕ್ಕೂ ನಿಯಮ ಉಂಟು. ನೋಟ್‌ಬುಕ್ಕನ್ನು ಯಾವ ಬಣ್ಣದ ಪೆನ್ನಿನಲ್ಲಿ ತಿದ್ದಬೇಕು ಎಂದೂ ಹೇಳುತ್ತಾರೆಂದು ನೀನೇ ಅಂದಿದ್ದೆ. ಅವರು ಪ್ರತಿದಿನ ಬಂದು ನೋಡಬೇಕಾಗಿಲ್ಲ. ಹೇಳುವ ಹಕ್ಕು ಇದ್ದರೆ ಸಾಕು. ಅಲ್ಲದೆ ನಿಯಂತ್ರಣ ಇದೆ ಎಂದೇ ಕಾನೂನು ಮೊದಲು ಹಿಡಿಯುತ್ತದೆ. ಇಲ್ಲ ಎನ್ನುವವರು ಅದನ್ನು ತೋರಿಸಿಕೊಡಬೇಕು. ಕೆಲವು ಕಂಪನಿಗಳು ‘ನನ್ನ ಕೆಲಸದ ಮೇಲೆ ಯಾರ ನಿಯಂತ್ರಣವೂ ಇಲ್ಲ’ ಎಂದು ಬರೆದ ಒಂದು ಹಾಳೆ ಕಳಿಸಿ, ಸಹಿ ಹಾಕಿದರೆ ಪ್ರಯಾಣದ ಖರ್ಚು ಕೊಡಿಸುತ್ತೇವೆ ಎನ್ನುತ್ತವೆ. ಅಂಥ ಹಾಳೆ ನಿನ್ನ ಕೈಗೆ ಬಂದರೆ ಸಹಿ ಮಾಡಬೇಡ. ಶಾಲಾ ಶಿಕ್ಷಕಿಯ ಮಟ್ಟಿಗೆ ಅದು ಸುಳ್ಳು, ಮತ್ತು ಆ ಸುಳ್ಳು ನಿನ್ನ ಹೆಸರಿನಲ್ಲಿ ಉಳಿಯುತ್ತದೆ.

ಕಾನೂನು ಸರಿಯೇ ಎಂದು ಕೇಳಿದರೆ ನನ್ನ ಉತ್ತರ ಅರ್ಧ ಹೌದು, ಅರ್ಧ ಇಲ್ಲ. ಒಂದೇ ಶಾಲೆಯಲ್ಲಿ ಪಕ್ಕ ಪಕ್ಕದ ಕೊಠಡಿಯಲ್ಲಿ ಇಬ್ಬರು ಟೀಚರು ಪಾಠ ಮಾಡುತ್ತಿದ್ದಾರೆ. ಖಾಯಂ ಟೀಚರಿಗೆ ಬಸ್ಸಿನ ಖರ್ಚಿಗೆ ರಿಯಾಯಿತಿ ಇಲ್ಲ, ಅಂಬ್ರೆಲಾದವಳಿಗೆ ಇದೆ ಎಂದರೆ ಅದು ಸರಿಯಲ್ಲ ಎಂಬುದು ಸರಕಾರದ ವಾದ. ಆ ಡಬ್ಬಿಯನ್ನು ನೋಡಿದವಳಾಗಿ ನಾನು ಅದನ್ನು ಒಪ್ಪುತ್ತೇನೆ. ಆದರೆ ಖಾಯಂ ಟೀಚರು ಶಾಲೆಯ ಹತ್ತಿರ ಮನೆ ನೋಡಿಕೊಳ್ಳಬಹುದು. ನೀನು? ಸೆಪ್ಟೆಂಬರಿನಲ್ಲಿ ಬೆಳಿಗ್ಗೆ ಏಳಕ್ಕೆ ಏಜೆನ್ಸಿಯ ಫೋನು, ಇವತ್ತು ವಾಲ್ಸಾಲ್, ನಾಳೆ ಡಡ್ಲಿ, ನಾಡಿದ್ದು ಇನ್ನೆಲ್ಲೋ. ಇಂಥವಳು ಎಲ್ಲಿ ಮನೆ ಮಾಡಬೇಕು? ಅಲೆದಾಟವೇ ನೌಕರಿಯ ಅಂಗವಾಗಿರುವವರಿಗೆ ಆ ಅಲೆದಾಟದ ಬೆಲೆಯನ್ನು ಯಾರೂ ಕೊಡದ ಹಾಗಾಯಿತು. ಇದು ತಪ್ಪು ಎಂದೇ ನನ್ನ ಅಭಿಪ್ರಾಯ. ಹಾಗಿದ್ದರೂ ಕಾನೂನು ಇರುವ ತನಕ ಅದರ ಒಳಗೇ ದಾರಿ ಹುಡುಕಬೇಕು.

ಇನ್ನೊಂದು ತಿಳಿವಳಿಕೆ ಮೊದಲು ಸರಿಯಾಗಲಿ. ಹಾಸನದಲ್ಲಿ ಇದ್ದಾಗ ಎಸ್ಸೆಸ್ಸೆಲ್ಸಿ ಪೇಪರ್ ತಿದ್ದಲು ಹೋಗಿ ಬಂದು ಟಿ.ಎ., ಡಿ.ಎ. ಬಿಲ್ ಬರೆದು ಕೊಡುತ್ತಿದ್ದೆಯಲ್ಲ, ಆ ಹಣ ಪೂರ್ತಿ ಕೈಗೆ ಬರುತ್ತಿತ್ತು, ತಡವಾಗಿಯಾದರೂ. ‘ಕ್ಲೈಮ್’ ಎಂದ ಕೂಡಲೇ ನಮ್ಮವರ ತಲೆಯಲ್ಲಿ ಬರುವುದು ಅದೇ. ಇಲ್ಲಿ ತೆರಿಗೆ ಇಲಾಖೆಯಿಂದ ಸಿಗುವುದು ಖರ್ಚಾದ ಹಣವಲ್ಲ, ಆ ಖರ್ಚಿನ ಮೇಲೆ ನೀನು ಕಟ್ಟಿದ ತೆರಿಗೆ ಮಾತ್ರ. ನೂರು ಪೌಂಡ್ ಖರ್ಚು ಒಪ್ಪಿದರೆ, 20 ಶೇಕಡಾ ತೆರಿಗೆ ಕಟ್ಟುವ ನಿನಗೆ ಬರುವುದು 20 ಪೌಂಡ್. ಉಳಿದ 80 ನಿನ್ನದೇ ಕೈ ಖರ್ಚು. ಪೂರ್ತಿ ನೂರು ಬರಬೇಕಾದರೆ ಶಾಲೆಯೋ ಏಜೆನ್ಸಿಯೋ ಕೊಡಬೇಕು.

ಹಾಗಾದರೆ ನಿನಗೆ ಏನೂ ಇಲ್ಲವೇ? ಇದೆ. ಮಂಗಳವಾರ, ಗುರುವಾರ ಮಧ್ಯಾಹ್ನ ನಿಮ್ಮ ಶಾಲೆಯ ಇನ್ನೊಂದು ಕ್ಯಾಂಪಸ್ಸಿಗೆ ಹೋಗಿ ಪಾಠ ಮಾಡುತ್ತೀಯಲ್ಲ, ಆರು ಮೈಲಿ ದೂರ ಎಂದೆ. ಅದು ಕೆಲಸಕ್ಕೆ ಹೋಗುವ ದಾರಿಯಲ್ಲ, ಕೆಲಸದ ಒಳಗಿನ ದಾರಿ. ಒಂದೇ ಅಸೈನ್‌ಮೆಂಟಿನಲ್ಲಿ ಒಂದು ಜಾಗದಿಂದ ಇನ್ನೊಂದಕ್ಕೆ ಕಳಿಸಿದರೆ ಆ ಪ್ರಯಾಣಕ್ಕೆ ರಿಯಾಯಿತಿ ಉಂಟು. ಎರಡು ಬೇರೆ ಬೇರೆ ಶಾಲೆಗಳಿಗೆ, ಎರಡು ಬೇರೆ ಬುಕಿಂಗ್ ಮೇಲೆ, ಒಂದೇ ದಿನ ಹೋದರೆ ಮಾತ್ರ ಇಲ್ಲ. ಆಗ ಅವು ಎರಡು ನೌಕರಿ. ಸಂಜೆ ಎರಡನೇ ಕ್ಯಾಂಪಸ್ಸಿನಿಂದ ನೇರ ಮನೆಗೆ ಬರುವುದೂ ಲೆಕ್ಕಕ್ಕಿಲ್ಲ.

ಸ್ವಂತ ಕಾರಾದರೆ 2011ರ ಏಪ್ರಿಲ್‌ನಿಂದ ದರ ಮೈಲಿಗೆ 45 ಪೆನ್ಸ್, ವರ್ಷಕ್ಕೆ 10,000 ಮೈಲಿ ದಾಟಿದ ಮೇಲೆ 25. ಬರೀ ಪೆಟ್ರೋಲ್ ಅಲ್ಲ, ಟಯರ್ ಸವೆತ, ಇನ್ಶೂರೆನ್ಸ್, ರಿಪೇರಿ ಎಲ್ಲಾ ಸೇರಿಸಿದ ಲೆಕ್ಕ ಅದು. ವಾರಕ್ಕೆ 12 ಮೈಲಿಯಂತೆ 30 ವಾರ ಹಿಡಿ: 360 ಮೈಲಿ, 162 ಪೌಂಡ್. ತೆರಿಗೆ ಇಲಾಖೆಯಿಂದ ಕೇಳಿದರೆ ಅದರ ಐದನೇ ಒಂದು ಪಾಲು, 32 ಪೌಂಡ್ 40 ಪೆನ್ಸ್. ಇದೇ 162ನ್ನು ಶಾಲೆ ನಿನ್ನ ದರದ ಮೇಲೆ ಬೇರೆಯಾಗಿ ಕೊಟ್ಟರೆ ಅಷ್ಟೂ ನಿನಗೆ, ತೆರಿಗೆಯೂ ಇಲ್ಲ. ಖಾಯಂ ಟೀಚರುಗಳಿಗೆ ಆ ಕ್ಯಾಂಪಸ್ಸಿಗೆ ಹೋಗಲು ಮೈಲಿ ಲೆಕ್ಕ ಕೊಡುತ್ತಾರಾ ಎಂದು ಶಾಲೆಯ ಆಫೀಸಿನಲ್ಲಿ ವಿಚಾರಿಸು. ಕೊಡುತ್ತಿದ್ದರೆ ನಿನಗೂ ಕೊಡಿ ಎಂದು ಏಜೆನ್ಸಿಯ ಮೂಲಕ ಕೇಳು. ಸಂಕೋಚ ಬೇಡ. ನಮ್ಮ ಮನೆಯ ಹೆಣ್ಣುಮಕ್ಕಳು ಇಂಥ ಕಡೆಯೆಲ್ಲ ಬಾಯಿ ಮುಚ್ಚಿಕೊಂಡು ಬಂದಿದ್ದೇವೆ, ನಾನೂ ಸೇರಿ. ನೀನು ಕೇಳು.

ಅವರು ಇಲ್ಲ ಎಂದರೆ ತೆರಿಗೆ ಇಲಾಖೆಗೆ ಪಿ87 ಎಂಬ ಫಾರಂ ಕೊಡಬೇಕು. ನಾಲ್ಕು ವರ್ಷ ಹಿಂದಿನ ತನಕದ ಲೆಕ್ಕವನ್ನೂ ಅದರಲ್ಲಿ ಕೇಳಬಹುದು. ಖರ್ಚು 2,500 ಪೌಂಡ್ ದಾಟಿದರೆ ಮಾತ್ರ ಪೂರ್ತಿ ತೆರಿಗೆ ರಿಟರ್ನ್, ಅಂದರೆ ಸೆಲ್ಫ್ ಅಸೆಸ್‌ಮೆಂಟ್ ಬೇಕು. ನಿನಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಶಿಕ್ಷಕರ ಯೂನಿಯನ್ ಸೇರಿದ್ದರೆ ಆ ಚಂದಾಕ್ಕೂ ಅದೇ ಫಾರಂನಲ್ಲಿ ರಿಯಾಯಿತಿ ಇದೆ, ಮರೆಯಬೇಡ. ಮೊದಲು ಬರೀ ಅಂಕಿ ಬರೆದರೂ ನಡೆಯುತ್ತಿತ್ತು. 2024ರ ಅಕ್ಟೋಬರ್ 14ರಿಂದ ಪುರಾವೆ ಜೊತೆಗೇ ಕೊಡಬೇಕು. ಕಾರಿನ ಪ್ರಯಾಣಕ್ಕೆ ಪುರಾವೆ ಎಂದರೆ ದಿನಚರಿ: ಯಾವ ದಿನ, ಯಾವ ಪೋಸ್ಟ್‌ಕೋಡಿನಿಂದ ಯಾವ ಪೋಸ್ಟ್‌ಕೋಡಿಗೆ, ಎಷ್ಟು ಮೈಲಿ, ಯಾಕೆ. ಒಂದು ಸಣ್ಣ ನೋಟ್‌ಬುಕ್ ಕಾರಿನಲ್ಲಿಡು. ಕ್ಯಾಂಪಸ್ಸಿನಲ್ಲಿ ಇಳಿಯುವ ಮೊದಲು ಒಂದು ಸಾಲು ಬರೆದು ಇಳಿ. ‘ಶನಿವಾರ ಕೂತು ಒಟ್ಟಿಗೆ ಬರೀತೀನಿ’ ಎಂದರೆ ಆಗುವುದಿಲ್ಲ, ಹದಿನೇಳು ವರ್ಷ ಅಂಥ ಶನಿವಾರದ ಲೆಕ್ಕಗಳನ್ನು ನೋಡಿದ್ದೇನೆ.

ಈಗ ನಿನ್ನ ಪೇ ಸ್ಲಿಪ್ಪಿಗೆ ಬರುತ್ತೇನೆ. ಫೋಟೋ ಕಳಿಸಿದೆಯಲ್ಲ, ಅದನ್ನು ದೊಡ್ಡದು ಮಾಡಿಕೊಂಡು ಎರಡು ಸಲ ಓದಿದೆ. ದಿನಕ್ಕೆ 160 ಪೌಂಡ್ ಎಂದು ಏಜೆನ್ಸಿ ಹೇಳಿತು. ಐದು ದಿನಕ್ಕೆ 800. ನೀನು ಅದನ್ನೇ ಸಂಬಳ ಎಂದುಕೊಂಡೆ. ಅದು ನಿನ್ನ ಸಂಬಳವಲ್ಲ ಪುಟ್ಟೀ, ಅಂಬ್ರೆಲಾ ಕಂಪನಿಗೆ ಬರುವ ಹಣ. ಅದರಿಂದ ಮೊದಲು ಕಂಪನಿಯ ಪಾಲು 20 ಪೌಂಡ್ ಹೋಯಿತು. ಆಮೇಲೆ ಯಜಮಾನ ಕಟ್ಟಬೇಕಾದ ನ್ಯಾಷನಲ್ ಇನ್ಶೂರೆನ್ಸ್ ಸುಮಾರು 89, ಅಪ್ರೆಂಟಿಸ್‌ಶಿಪ್ ಲೆವಿ ಮೂರೂವರೆ. ಯಜಮಾನನ ಖರ್ಚಾದರೂ ಹೋಗುವುದು ಆ 800ರಿಂದಲೇ. 2025ರ ಏಪ್ರಿಲ್‌ನಲ್ಲಿ ಆ ಇನ್ಶೂರೆನ್ಸಿನ ದರ 13.8ರಿಂದ 15 ಶೇಕಡಾಕ್ಕೆ ಏರಿತು, ಲೆಕ್ಕ ಶುರುವಾಗುವ ಮಿತಿ ವರ್ಷಕ್ಕೆ 9,100 ಪೌಂಡಿನಿಂದ 5,000ಕ್ಕೆ ಇಳಿಯಿತು. ಯಜಮಾನರ ಮೇಲೆ ಹಾಕಿದ ಆ ಹೊರೆ ಅಂಬ್ರೆಲಾದಲ್ಲಿ ದುಡಿಯುವವರ ಹೆಗಲಿಗೇ ಬಂತು. ಉಳಿದ 688 ನಿನ್ನ ಒಟ್ಟು ಸಂಬಳ, ರಜೆಯ ಸಂಬಳವೂ ಅದರೊಳಗೇ ಸೇರಿದೆ. ಆದ್ದರಿಂದ ಬೇಸಿಗೆ ರಜೆಗೆಂದು ಬೇರೆ ಹಣ ಬರುವುದಿಲ್ಲ, ಈಗಿನಿಂದಲೇ ತೆಗೆದಿಡು. 688ರಲ್ಲಿ ತೆರಿಗೆ 89, ನಿನ್ನ ಪಾಲಿನ ಇನ್ಶೂರೆನ್ಸ್ 36. ಕೈಗೆ 563.

ಈ ಲೆಕ್ಕವನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಮನೆಯಿಂದ ಟೆಲ್ಫರ್ಡ್‌ಗೆ ಹೋಗಿ ಬರಲು ಹತ್ತಿರ 40 ಮೈಲಿ. 45 ಪೆನ್ಸ್ ಲೆಕ್ಕದಲ್ಲಿ ದಿನಕ್ಕೆ 18 ಪೌಂಡ್. ಅದನ್ನು ತೆರಿಗೆ ಇಲಾಖೆ ಕೊಡುವುದಿಲ್ಲ. ಶಾಲೆಯೇ ಪ್ರೀತಿಯಿಂದ ಕೊಟ್ಟರೂ ಮನೆಯಿಂದ ಬರುವ ಖರ್ಚಾದ್ದರಿಂದ ಅದಕ್ಕೆ ಸಂಬಳದ ಹಾಗೆಯೇ ತೆರಿಗೆ. ಉಳಿದಿರುವ ಜಾಗ ಒಂದೇ, ದಿನದ ದರ. ಆದರೆ ಎಷ್ಟು ಏರಿಸಿ ಕೇಳಬೇಕು? 18 ಏರಿಸಿದರೆ ಸಾಲದು. ದರದಲ್ಲಿ ಒಂದು ಪೌಂಡ್ ಏರಿದರೆ ಆ ಎಲ್ಲ ಕಡಿತ ದಾಟಿ ನಿನ್ನ ಕೈಗೆ ಬರುವುದು 62 ಪೆನ್ಸ್. ಕೈಗೆ 18 ಬೇಕಾದರೆ ದರ 29 ಏರಬೇಕು. 160ಕ್ಕೆ ಟೆಲ್ಫರ್ಡ್ ಒಪ್ಪಿಕೊಂಡದ್ದೂ ಒಂದೇ, ಮನೆ ಹತ್ತಿರದ ಶಾಲೆಯನ್ನು 131ಕ್ಕೆ ಒಪ್ಪಿಕೊಂಡದ್ದೂ ಒಂದೇ. ಗಣಿತದ ಟೀಚರಿಗೆ ಇದನ್ನು ನಾನು ಹೇಳಿಕೊಡಬೇಕಾಗಿ ಬಂತಲ್ಲ ಎಂದು ನೋಯಬೇಡ. ಏಜೆನ್ಸಿಯವರು ಫೋನಿನಲ್ಲಿ ‘ಈಗಲೇ ಹೂಂ ಅನ್ನಿ’ ಎಂದು ಅವಸರ ಮಾಡುವಾಗ ಯಾರಿಗೂ ಲೆಕ್ಕ ಹೊಳೆಯುವುದಿಲ್ಲ. ಅವರು ಅವಸರ ಮಾಡುವುದೂ ಅದಕ್ಕೇ.

ಆದ್ದರಿಂದ ಮುಂದಿನ ಸಲ ಹೂಂ ಅನ್ನುವ ಮೊದಲು ‘ಕೀ ಇನ್ಫರ್ಮೇಶನ್ ಡಾಕ್ಯುಮೆಂಟ್’ ಕಳಿಸಿ ಎನ್ನು. 2020ರ ಏಪ್ರಿಲ್ 6ರಿಂದ, ಹೊಸಬರ ಜೊತೆ ಕರಾರಿಗೆ ಮೊದಲೇ ಏಜೆನ್ಸಿ ಅದನ್ನು ಕೊಡಲೇಬೇಕು. ಎರಡೇ ಪುಟ. ಸಂಬಳ ಕೊಡುವವರು ಯಾರು, ಏನೇನು ಕಡಿತ, ಕೊನೆಗೆ ಕೈಗೆ ಎಷ್ಟು ಎಂದು ಉದಾಹರಣೆ ಸಮೇತ ಅದರಲ್ಲಿರಬೇಕು. ನಿನಗೆ ಬಂದಿರಬಹುದು, ಇಮೇಲಿನಲ್ಲಿ ಹುಡುಕು. ಏಜೆನ್ಸಿಯೇ ನೇರವಾಗಿ ತನ್ನ ಪೇರೋಲಿನಲ್ಲಿ ಸಂಬಳ ಕೊಡುತ್ತದಾ ಎಂದೂ ಕೇಳು. ಆಗ ಹೇಳುವ ದರ ಕಡಿಮೆ ಕಾಣುತ್ತದೆ, ಆದರೆ ಯಜಮಾನನ ಇನ್ಶೂರೆನ್ಸು ಅದರಿಂದ ಹೋಗುವುದಿಲ್ಲ. ಎರಡರಲ್ಲೂ ಕೈಗೆ ಬರುವ ಮೊತ್ತ ಇಟ್ಟು ಹೋಲಿಸು, ಮೇಲಿನ ಅಂಕಿಯನ್ನಲ್ಲ.

ನಿನ್ನ ಪೇ ಸ್ಲಿಪ್ಪಿನಲ್ಲಿ ನಾನು ಹುಡುಕದೇ ಇದ್ದದ್ದೊಂದು ಕಂಡಿತು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಟ್ಯಾಕ್ಸ್ ಕೋಡ್: 1257ಎಲ್ ಡಬ್ಲ್ಯೂ1. ಮೊದಲ ಭಾಗ ಸರಿಯೇ, ವರ್ಷಕ್ಕೆ 12,570 ಪೌಂಡಿನ ತನಕ ತೆರಿಗೆ ಇಲ್ಲ ಎಂದು ಅರ್ಥ. ಆ ಬಾಲದಲ್ಲಿರುವ ಡಬ್ಲ್ಯೂ1 ಸರಿಯಿಲ್ಲ. ಪ್ರತಿ ವಾರವನ್ನೂ ಅದೇ ಮೊದಲ ವಾರ ಎಂಬಂತೆ ಲೆಕ್ಕ ಹಾಕುತ್ತಿದ್ದಾರೆ. ಇಲ್ಲಿನ ತೆರಿಗೆಯ ವರ್ಷ ಶುರುವಾಗುವುದು ಏಪ್ರಿಲ್ 6ಕ್ಕೆ, ನಮ್ಮ ಯುಗಾದಿಯ ಆಸುಪಾಸಿನಲ್ಲಿ. ಆಗಿನಿಂದ ಆಗಸ್ಟ್ ತನಕ ನಿನಗೆ ಎಲ್ಲೂ ಸಂಪಾದನೆ ಇರಲಿಲ್ಲ. ಅಷ್ಟು ತಿಂಗಳ ವಿನಾಯಿತಿ ಬಳಕೆಯಾಗದೆ ಉಳಿದಿದೆ. ಅದನ್ನು ಸೇರಿಸಿ ಲೆಕ್ಕ ಮಾಡಿದರೆ ಈ ಒಂಬತ್ತು ವಾರ ನೀನು ತೆರಿಗೆಯನ್ನೇ ಕಟ್ಟಬೇಕಾಗಿರಲಿಲ್ಲ. ಕಟ್ಟಿದ್ದು ಹತ್ತಿರ 800 ಪೌಂಡ್. ಮುಂದೆ ವಿನಾಯಿತಿ ಮುಗಿದ ಮೇಲೆ ತೆರಿಗೆ ಶುರುವಾಗುತ್ತದೆ, ಆದರೂ ವರ್ಷ ಮುಗಿಯುವಷ್ಟರಲ್ಲಿ ಸಾವಿರ ಪೌಂಡಿಗಿಂತ ಹೆಚ್ಚೇ ನಿನ್ನ ಕಡೆ ಉಳಿಯಬೇಕು. ಪೆಟ್ರೋಲಿನಲ್ಲಿ ಹುಡುಕುತ್ತಿದ್ದ ಹಣ ಈ ಎರಡು ಅಕ್ಷರದಲ್ಲಿ ಕೂತಿದೆ.

ಸೇರುವಾಗ ಸ್ಟಾರ್ಟರ್ ಚೆಕ್‌ಲಿಸ್ಟ್ ಎಂಬ ಹಾಳೆ ತುಂಬಿದ್ದೆ, ನೆನಪಿದೆಯಾ? ಅದರಲ್ಲಿ ಎ, ಬಿ, ಸಿ ಎಂದು ಮೂರು ಸಾಲು. ‘ಏಪ್ರಿಲ್ 6ರಿಂದ ಈಚೆಗೆ ಇದೇ ನನ್ನ ಮೊದಲ ಕೆಲಸ’ ಎಂಬ ಎ ಸಾಲಿಗೆ ಟಿಕ್ ಹಾಕಬೇಕಿತ್ತು. ಬಹುಶಃ ಊರಿನ ಕೆಲಸ ನೆನೆದು ಬಿ ಹಾಕಿರುತ್ತೀಯ. ನಾಳೆಯೇ ತೆರಿಗೆ ಇಲಾಖೆ, ಅಂದರೆ ಎಚ್‌ಎಂಆರ್‌ಸಿಯ ಪರ್ಸನಲ್ ಟ್ಯಾಕ್ಸ್ ಅಕೌಂಟ್‌ನಲ್ಲಿ ಲಾಗಿನ್ ಆಗಿ ವಿವರ ಸರಿಪಡಿಸು, ಆಗದಿದ್ದರೆ ಫೋನ್ ಮಾಡು. ಅವರು ಹೊಸ ಕೋಡನ್ನು ಕಂಪನಿಗೆ ಕಳಿಸುತ್ತಾರೆ, ಜಾಸ್ತಿ ಹಿಡಿದ ಹಣ ಮುಂದಿನ ಪೇ ಸ್ಲಿಪ್ಪಿನಲ್ಲೇ ವಾಪಸ್ ಬರುತ್ತದೆ. ಇದಕ್ಕೆ ಯಾರಿಗೂ ಏನೂ ಕೊಡಬೇಕಾಗಿಲ್ಲ.

ಇದನ್ನು ಒತ್ತಿ ಹೇಳುತ್ತೇನೆ. ‘ನಿಮ್ಮ ತೆರಿಗೆ ವಾಪಸ್ ಕೊಡಿಸುತ್ತೇವೆ’ ಎನ್ನುವವರು ಫೋನಿಗೆ, ಫೇಸ್‌ಬುಕ್ಕಿಗೆ ಬರುತ್ತಿರುತ್ತಾರೆ. ಬಂದ ಹಣದಲ್ಲಿ ದೊಡ್ಡ ಪಾಲು ಅವರದು. ಅವರು ನಿನ್ನ ಹೆಸರಿನಲ್ಲಿ ಮನೆಯಿಂದ ಶಾಲೆಯ ದಾರಿಯನ್ನೂ ಬರೆದು ಕಳಿಸಿದರೆ, ಇಲಾಖೆ ಮುಂದೆ ಕೇಳುವುದು ನಿನ್ನನ್ನು. ಆ ಎಲೆಕ್ಟ್ರಿಷಿಯನ್ನನ್ನು ಕೇಳಿದ ಹಾಗೆ. ಇನ್ನು ‘ದರದ 85 ಶೇಕಡಾ ಕೈಗೆ’ ಎನ್ನುವ ಕಂಪನಿ ಸಿಕ್ಕರೆ, ನಿನ್ನ 563ನ್ನು 800ರ ಪಕ್ಕ ಇಟ್ಟು ನೋಡು: 70 ಶೇಕಡಾ. ನ್ಯಾಯವಾಗಿ ನಡೆಸುವ ಯಾವ ಕಂಪನಿಯೂ ಇದಕ್ಕಿಂತ ಹೆಚ್ಚು ದೂರ ಹೋಗಲಾರದು. 85 ಎಂದರೆ ಸಂಬಳದ ಒಂದು ಭಾಗವನ್ನು ‘ಸಾಲ’ ಎಂದೋ ಮತ್ತೇನೋ ಹೆಸರಿಟ್ಟು ಕೊಡುತ್ತಿದ್ದಾರೆ ಎಂದು ಅರ್ಥ. ಹಾಗೆ ಸಾಲದ ರೂಪದಲ್ಲಿ ಸಂಬಳ ಪಡೆದವರ ಮೇಲೆ 2019ರಲ್ಲಿ ಲೋನ್ ಚಾರ್ಜ್ ಬಿತ್ತು. ಎಷ್ಟೋ ವರ್ಷದ ಹಿಂದಿನ ಸಂಬಳಕ್ಕೆ ಒಟ್ಟಿಗೆ ತೆರಿಗೆ. ಅದರಿಂದ ಮನೆ ಮಾರಿದವರಿದ್ದಾರೆ, ಜೀವ ಕಳೆದುಕೊಂಡವರೂ ಇದ್ದಾರೆ. ಅಂಬ್ರೆಲಾ ಕಂಪನಿ ತೆರಿಗೆ ಕಟ್ಟದೆ ಹೋದರೆ ಏಜೆನ್ಸಿಯೂ ಹೊಣೆಯಾಗುವ ಹಾಗೆ 2026ರ ಏಪ್ರಿಲ್‌ನಿಂದ ಕಾನೂನು ತರುವುದಾಗಿ ಸರಕಾರ ಹೇಳಿದೆ. ಬರಲಿ, ಒಳ್ಳೆಯದು. ಇದು ಎಂದೋ ಆಗಬೇಕಿತ್ತು.

ಕೊನೆಗೆ ಒಂದು ಮಾತು. 2023ರಲ್ಲಿ ನಮ್ಮ ದೇಶದ ಗಣಿತ, ವಿಜ್ಞಾನದ ಟೀಚರುಗಳ ಅರ್ಹತೆಯನ್ನು ಇಲ್ಲಿ ಒಪ್ಪುವ ದಾರಿ ತೆರೆದಾಗ ನಿಮ್ಮಮ್ಮನಿಗೆ ಮೊದಲು ಫೋನ್ ಮಾಡಿದವಳು ನಾನೇ. ‘ಅಳಿಯಂದಿರ ಜೊತೆ ಬಂದರೆ ಅವಳೂ ಇಲ್ಲಿ ಪಾಠ ಮಾಡಬಹುದು ಕಣೇ’ ಎಂದಿದ್ದೆ. ನೀನು ಆ ಅರ್ಹತೆ ಪಡೆದು, ಇಲ್ಲಿನ ಚಳಿಯಲ್ಲಿ ಆರಕ್ಕೆ ಎದ್ದು, ಕಾರಿನ ಗಾಜಿನ ಮಂಜು ಕೆರೆದು, ಎಂ54 ಹೆದ್ದಾರಿಯಲ್ಲಿ ಲಾರಿಗಳ ಮಧ್ಯೆ ಓಡಿಸಿಕೊಂಡು ಹೋಗಿ ಆ ಮಕ್ಕಳಿಗೆ ಬೀಜಗಣಿತ ಕಲಿಸುತ್ತಿದ್ದೀಯ. ನನಗೆ ಹೆಮ್ಮೆ. ಆ ಇಪ್ಪತ್ತು ಮೈಲಿಗೂ ಬೆಲೆ ಇದೆ. ಜನವರಿಯಲ್ಲಿ ಕರಾರು ಮುಂದುವರಿಸುವಾಗ ಏಜೆನ್ಸಿಯ ಹತ್ತಿರ 189 ಕೇಳು. 175 ಎಂದಾರು. ಎಲ್ಲಿಗೆ ನಿಲ್ಲಬೇಕೆಂದು ನೀನೇ ನಿರ್ಧರಿಸು, ಆದರೆ ಲೆಕ್ಕ ಮುಂದಿಟ್ಟುಕೊಂಡು ನಿಲ್ಲು. ಗಣಿತದ ಟೀಚರು ಸಿಗುವುದು ಅವರಿಗೂ ಸುಲಭವಲ್ಲ.

ಮುಂದಿನ ಭಾನುವಾರ ಇಬ್ಬರೂ ಬನ್ನಿ. ಸೆಪ್ಟೆಂಬರಿನಿಂದ ಬಂದ ಪೇ ಸ್ಲಿಪ್ಪುಗಳನ್ನೆಲ್ಲ ಪ್ರಿಂಟ್ ತೆಗೆದು ತಾ, ಫೋನಿನಲ್ಲಿ ನೋಡಿ ನನ್ನ ಕಣ್ಣು ನೋಯುತ್ತದೆ. ಆ ಎರಡು ಪುಟದ ಡಾಕ್ಯುಮೆಂಟೂ ಇರಲಿ. ಬೆಲ್‌ಗ್ರೇವ್ ರಸ್ತೆಯ ಗುಜರಾತಿ ಅಂಗಡಿಯಲ್ಲಿ ಫ್ರೀಜರಿನ ಅವರೆಕಾಳು ಬಂದಿದೆ, ದೊಡ್ಡಪ್ಪ ಎರಡು ಪ್ಯಾಕೆಟ್ ತಂದಿಟ್ಟಿದ್ದಾರೆ. ನಮ್ಮ ಹಾಸನದ ಸೊಗಡು ಅದಕ್ಕಿಲ್ಲ, ಆದರೆ ಸಾರು ಆಗುತ್ತದೆ. ಮುದ್ದೆಗೆ ಹಿಟ್ಟು ಇದೆ. ಊಟ ಮುಗಿಸಿ ಮೇಜಿನ ಮೇಲೆ ಎಲ್ಲ ಹರಡಿಕೊಂಡು ಕೂರೋಣ. ಕೋಡಿನ ವಿಷಯಕ್ಕೆ ಮಾತ್ರ ಭಾನುವಾರದ ತನಕ ಕಾಯಬೇಡ, ನಾಳೆ ಬೆಳಿಗ್ಗೆ ಬ್ರೇಕ್ ಟೈಮಿನಲ್ಲೇ ಮಾಡು, ಮಾಡಿ ನನಗೆ ಒಂದು ಮೆಸೇಜ್ ಹಾಕು.

ನಿನ್ನ
ದೊಡ್ಡಮ್ಮ